ಫೋನಿನಲ್ಲಿ ಮೀಯಿಸಿದ ಬಾಣಂತಿ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನಿವೃತ್ತಳಾದ ನನ್ನ ಕಡಿಯಾಳಿಯ ಮನೆಗೆ ಬಂದಾಗ ಮೊದಲು ಕೇಳುವುದು ವರ್ಗಾವಣೆಯ ವಿಷಯ. ಯಾವ ಆರೋಗ್ಯ ಉಪಕೇಂದ್ರ ಒಳ್ಳೆಯದು, ಬಸ್ಸು ಎಲ್ಲಿಯವರೆಗೆ ಉಂಟು, ಯಾವ ಡಾಕ್ಟರು ಬೈಯುತ್ತಾರೆ, ಇಷ್ಟೇ. ಚಹಾ ಕುಡಿದು, ನನ್ನ ಮೊಣಕಾಲಿನ ನೋವಿಗೆ ಒಂದು ಮುಲಾಮಿನ ಹೆಸರು ಹೇಳಿ ಹೋಗುತ್ತಾರೆ. ನನ್ನ ಮೊಣಕಾಲಿಗೆ ಮುಲಾಮು ಹೇಳಲಿಕ್ಕೆ ಇವರೇ ಬರಬೇಕು. ಕೆಲಸ ಹೇಗೆ ಎಂದು ಮಾತ್ರ ಒಬ್ಬಳೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಹುಟ್ಟುಗುಣ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಹುದ್ದೆಯ ಹೆಸರನ್ನು ಇಲಾಖೆಯವರು ಆಗಾಗ ಬದಲಾಯಿಸುತ್ತಿದ್ದರು. ಹೊಸ ಹೆಸರು ಬಂದಾಗಲೆಲ್ಲ ಬೋರ್ಡಿಗೆ ಹೊಸ ಬಣ್ಣ ಬರುತ್ತಿತ್ತು. ಊರಿನವರಿಗೆ ಮೊದಲಿನಿಂದ ಕೊನೆಯವರೆಗೂ ನಾನು ಸಿಸ್ಟರ್. ಬಸುರಿಯರನ್ನು ನೋಡುವುದು, ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಕೊಡುವುದು, ಇವನ್ನೆಲ್ಲ ತರಬೇತಿಯಲ್ಲಿ ಕಲಿಸುತ್ತಾರೆ. ಹೆತ್ತವಳ ಮನಸ್ಸಿನ ವಿಷಯ ನಾನು ಕಲಿತದ್ದು ಮಾತ್ರ ಬಚ್ಚಲಿನ ಬಾಗಿಲಲ್ಲಿ.

ನನ್ನ ಮೊದಲ ಉಪಕೇಂದ್ರ ಕಾರ್ಕಳದ ಒಳಗಿನ ಒಂದು ಹಳ್ಳಿ. ಮೇಲ್ವಿಚಾರಕಿ ಫಿಲೋಮಿನಾ ಸಿಸ್ಟರ್. ಗಟ್ಟಿ ಹೆಂಗಸು. ತಪ್ಪು ಮಾಡಿದರೆ ಛತ್ರಿಯ ತುದಿಯಿಂದ ನನ್ನ ಬೆನ್ನಿಗೆ ತಿವಿಯುತ್ತಿದ್ದರು. ನಾನು ಶಿಸ್ತಾಗಿ ಮನೆಗಳ ಎದುರಿನ ಚಾವಡಿಯಲ್ಲಿ ಚೀಲ ಇಟ್ಟು ಕುಳಿತುಕೊಳ್ಳುವುದನ್ನು ಕೆಲವು ದಿನ ನೋಡಿದರು. ಆಮೇಲೆ ಒಂದು ದಿನ ದಾರಿಯಲ್ಲಿ ಹೇಳಿದರು: "ಎದುರಿಂದ ಹೋದರೆ ನಿನಗೆ ಚಹಾ ಸಿಗ್ತದೆ ಮಾರಾಯ್ತಿ, ಸುದ್ದಿ ಸಿಗುವುದಿಲ್ಲ. ಹಿಂದಿನಿಂದ ಬಾ. ಬೆಳಿಗ್ಗೆ, ನೀರು ಕಾಯುವ ಹೊತ್ತಿಗೆ."

ಅಲ್ಲಿಂದ ಮುಂದೆ ನಮ್ಮ ತಿರುಗಾಟವೆಲ್ಲ ಬಾಣಂತಿ ಸ್ನಾನದ ಹೊತ್ತಿಗೇ. ಆಗಿನ ಆ ಬೆಳಗುಗಳನ್ನು ನೆನೆದರೆ ಈಗಲೂ ಮೂಗಿಗೆ ನೆಕ್ಕಿ ಎಂಬ ಮದ್ದಿನ ಸೊಪ್ಪಿನ ವಾಸನೆ ಬರುತ್ತದೆ. ದೊಡ್ಡ ಹಂಡೆಯಲ್ಲಿ ಸೊಪ್ಪು ಹಾಕಿ ಕುದಿಸಿದ ನೀರು, ಒಲೆಗೆ ತೆಂಗಿನ ಮಡಲು, ಬಚ್ಚಲು ತುಂಬ ಹೊಗೆ. ಬಾಣಂತಿಯನ್ನು ಮಣೆಯ ಮೇಲೆ ಕೂರಿಸಿ, ಅರಸಿನ ಬೆರೆಸಿದ ಎಣ್ಣೆಯನ್ನು ನೆತ್ತಿಯಿಂದ ಪಾದದವರೆಗೆ ತಿಕ್ಕಿ, ಸೊಂಟಕ್ಕೆ ಬೀಸಿ ಬೀಸಿ ನೀರು ಹೊಯ್ಯಬೇಕು. ಅದಕ್ಕೆಂದೇ ಊರಿಗೊಬ್ಬಳು ಹೆಂಗಸು ಇರುತ್ತಿದ್ದಳು. ನಮ್ಮ ಕಡೆಯವಳು ಗಿರಿಜಕ್ಕ.

ಗಿರಿಜಕ್ಕನಿಗೂ ನನಗೂ ದಿನಾ ಜಗಳ. ಅವಳು ಮಗುವಿನ ಕಿವಿಗೆ, ಮೂಗಿಗೆ ಎಣ್ಣೆ ಬಿಡುತ್ತಿದ್ದಳು. ಬಿಡಬೇಡ ಎಂದು ನಾನು. "ನಿನಗೂ ನಾನೇ ಬಿಟ್ಟಿದ್ದರೆ ನಿನ್ನ ಮೂಗು ಇಷ್ಟು ಚಪ್ಪಟೆ ಇರ್ತಿರಲಿಲ್ಲ" ಎಂದು ಅವಳು. ಕೊನೆಗೂ ಆ ಎಣ್ಣೆ ನಿಲ್ಲಿಸಲು ನನ್ನಿಂದ ಆಗಲಿಲ್ಲ, ಫಿಲೋಮಿನಾ ಸಿಸ್ಟರರ ಛತ್ರಿಯಿಂದ ಆಯಿತು. ಆದರೆ ಬಾಗಿಲು ಹಾಕಿದ ಬಚ್ಚಲಲ್ಲಿ ಬಾಣಂತಿಯ ಜೊತೆ ದಿನಾ ಇರುತ್ತಿದ್ದವಳು ಅವಳೊಬ್ಬಳೇ. ಮನೆಯವರ ಎದುರು ಅಳಬಾರದು, ಬಾಣಂತಿ ಅತ್ತರೆ ಕಣ್ಣಿಗೆ ಕೆಟ್ಟದು ಎಂದು ಬೈಗುಳ ಬೀಳುತ್ತಿತ್ತು. ಬಿಸಿನೀರು ಬೀಳುವಾಗ ಅತ್ತರೆ ಯಾರಿಗೆ ಗೊತ್ತಾಗುತ್ತದೆ? ಹುಡುಗಿಯರು ಅಲ್ಲಿ ಅತ್ತು ಹಗುರಾಗಿ ಹೊರಗೆ ಬರುತ್ತಿದ್ದರು.

ಒಂದು ಬೆಳಿಗ್ಗೆ ಗಿರಿಜಕ್ಕ ಗದ್ದೆಯ ಬದುವಿನ ಮೇಲೆ ನಮಗಾಗಿ ಕಾದು ನಿಂತಿದ್ದಳು. "ಆ ಮೇಲಿನ ಮನೆಯ ಹುಡುಗಿ ಅಳುವುದೇ ಇಲ್ಲ ಸಿಸ್ಟರ್. ಬಿಸಿನೀರು ಹೊಯ್ದರೂ ಆಚೆ ಈಚೆ ಆಗುವುದಿಲ್ಲ. ಮಗು ಕೂಗಿದರೂ ಅವಳಿಗಲ್ಲ ಎಂಬ ಹಾಗೆ ಕೂತಿರ್ತಾಳೆ. ನನಗೆ ಹೆದರಿಕೆ ಆಗ್ತದೆ." ನಾವು ಹೋದಾಗ ಮನೆಯವರು ಮಂತ್ರಿಸಿದ ನೂಲು ಕಟ್ಟಿಸುವ ಏರ್ಪಾಟಿನಲ್ಲಿದ್ದರು. ಫಿಲೋಮಿನಾ ಸಿಸ್ಟರ್ ಜಗಳ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು, "ಕಟ್ಟಿಸಿ, ಚೆಂದ ಮಾಡಿ ಕಟ್ಟಿಸಿ. ಅದರ ನಂತರ ಇವಳು ನನ್ನ ಜೊತೆ ಮಣಿಪಾಲಕ್ಕೆ ಬರ್ಲಿ" ಎಂದರು. ನೂಲು ಕಟ್ಟಿಕೊಂಡೇ ಆ ಹುಡುಗಿ ಬಸ್ಸು ಹತ್ತಿದಳು. ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರೆ ಕೊಟ್ಟರು, ಹುಡುಗಿ ಹುಷಾರಾದಳು. ನೂಲಿನಿಂದ ಎಂದು ಮನೆಯವರು ಈಗಲೂ ಹೇಳುತ್ತಾರಂತೆ. ಹೇಳಲಿ, ನಮ್ಮ ಗಂಟೇನು ಹೋಯಿತು.

ಆಮೇಲೆ ನಾನು ಕಾಪುವಿನ ಕಡೆಗೆ ಬಂದೆ. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದವು, ಹಂಡೆಯ ಜಾಗದಲ್ಲಿ ಗೀಸರ್ ಬಂತು, ನನ್ನ ಕೈಗೆ ಟ್ಯಾಬು ಬಂತು. ಮಣಿಪಾಲದಲ್ಲಿ ನಮಗೊಂದು ತರಬೇತಿಯೂ ಆಯಿತು. ಸಣ್ಣ ಪ್ರಾಯದ ಒಬ್ಬರು ಮನೋವೈದ್ಯೆ ಬಾಣಂತಿಯರಿಗೆ ಬರುವ ಖಿನ್ನತೆಯ ಬಗ್ಗೆ ಚೆನ್ನಾಗಿ ಹೇಳಿಕೊಟ್ಟರು. ಕೇಳಬೇಕಾದ ಪ್ರಶ್ನೆಗಳನ್ನು ಕೊಟ್ಟರು. "ಸಾಯಬೇಕು ಅನಿಸ್ತದಾ ಅಂತ ನೇರ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ತದೆ ಅಂತ ಹೆದರಬೇಡಿ. ಹಾಗೆ ಹುಟ್ಟುವುದಿಲ್ಲ" ಎಂದರು. ಅವರ ಫೋನ್ ನಂಬರನ್ನೂ ಬೋರ್ಡಿನ ಮೇಲೆ ಬರೆದರು. ನನಗೆ ಆ ಡಾಕ್ಟರು ಬಹಳ ಇಷ್ಟವಾದರು.

ಪ್ರಶ್ನೆ ಸರಿ ಇತ್ತು, ಉತ್ತರ ಬರುತ್ತಿರಲಿಲ್ಲ. ನಮ್ಮ ಕಡೆ ಮನೆಮಾತು ತುಳು, ಸರಕಾರದ ಮಾತು ಕನ್ನಡ. ಟ್ಯಾಬು ನೋಡಿಕೊಂಡು ಕನ್ನಡದಲ್ಲಿ ಕೇಳಿದರೆ ಹುಡುಗಿಯರು ಶಾಲೆಯಲ್ಲಿ ಎದ್ದು ನಿಂತವರ ಹಾಗೆ, "ಹುಷಾರುಂಟು ಸಿಸ್ಟರ್, ಎಲ್ಲ ಸರಿ ಉಂಟು" ಎಂದುಬಿಡುತ್ತಿದ್ದರು. ಆದ್ದರಿಂದ ಟ್ಯಾಬನ್ನು ಚೀಲಕ್ಕೆ ಹಾಕಿ ತುಳುವಿನಲ್ಲಿ ಕೇಳುವುದನ್ನು ಅಭ್ಯಾಸ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ. ತುಳು ಬಾರದಿದ್ದರೆ ಕಲಿಯಿರಿ, ಮೀನು ಮಾರುವವರ ಹತ್ತಿರ ಚೌಕಾಸಿ ಮಾಡಲು ಕಲಿಯುತ್ತೀರಲ್ಲ.

ಅಷ್ಟರಲ್ಲಿ ಕೊರೋನಾ ಬಂತು.

ಆ ದಿನಗಳ ಬಗ್ಗೆ ದೊಡ್ಡ ದೊಡ್ಡ ಮಾತುಗಳನ್ನು ಬೇರೆಯವರು ಬರೆದಿದ್ದಾರೆ. ನನಗೆ ನೆನಪಿರುವುದು ಬಸುರಿಯರ ಮುಖ. ಸೀರೆ ತಂದಿಟ್ಟಿದ್ದರೂ ಬಯಕೆಯ ಶಾಸ್ತ್ರ ಆಗಲಿಲ್ಲ. ಅದಾಗದೆ ತವರಿಗೆ ಹೋಗುವ ಹಾಗಿಲ್ಲ, ಹೋಗೋಣವೆಂದರೆ ದಾರಿಯಲ್ಲಿ ಪೊಲೀಸರು. ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಹೊರಗೆ ಒಬ್ಬರಿಗೆ ಮಾತ್ರ ಜಾಗ. ಮನೆಯಿಂದ ಮನೆಗೆ ಹೋಗುವ ಮೀಯಿಸುವ ಹೆಂಗಸರನ್ನು ಯಾರೂ ಗೇಟಿನ ಒಳಗೆ ಬಿಡಲಿಲ್ಲ. ಬಿಡುವುದು ಸರಿಯೂ ಇರಲಿಲ್ಲ ಎನ್ನಿ. ನಮಗೂ, ಆದಷ್ಟು ಫೋನಿನಲ್ಲೇ ವಿಚಾರಿಸಿ ಎಂದು ಆದೇಶ ಬಂತು. ನಾನು ಫೋನು ಮಾಡಿದರೆ ಮನೆಯವರು ಸ್ಪೀಕರಿಗೆ ಹಾಕಿ ಚಾವಡಿಯ ನಡುವೆ ಇಡುತ್ತಿದ್ದರು. ಮಾವನವರು, ಮೈದುನ, ಟಿವಿ, ನಾಯಿ, ಎಲ್ಲರೂ ಸುತ್ತ ಇರುವಾಗ ಯಾವ ಹುಡುಗಿ ಮನಸ್ಸು ಬಿಚ್ಚುತ್ತಾಳೆ? "ಹುಷಾರುಂಟು ಸಿಸ್ಟರ್." ಮುಗಿಯಿತು.

ಪ್ರತಿಮಾಳೂ ಹಾಗೆಯೇ ಹೇಳಿದ್ದಳು.

ಪ್ರತಿಮಾಳ ಗಂಡನ ಮನೆ ಮಟ್ಟುವಿನಲ್ಲಿ, ಗುಳ್ಳ ಬದನೆ ಬೆಳೆಯುವವರು. ತವರು ನಿಟ್ಟೆ. ಗಂಡ ದುಬಾಯಿಯಲ್ಲಿ ಸಿಕ್ಕಿಬಿದ್ದಿದ್ದ, ವಿಮಾನ ಇರಲಿಲ್ಲ. ಚೊಚ್ಚಲ ಹೆರಿಗೆ. ತಾಯಿ ಲೀಲಕ್ಕ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸದವರು. ಮಗಳನ್ನು ಕರೆದುಕೊಂಡು ಹೋಗಲು ಎಲ್ಲ ತಯಾರಿ ಮಾಡಿದ್ದರು. ಅಷ್ಟರಲ್ಲಿ ಅವರ ಓಣಿಯಲ್ಲೊಬ್ಬರಿಗೆ ಸೋಂಕು ತಗಲಿ, ಓಣಿಯ ಬಾಯಿಗೆ ಬಿದಿರು ಕಟ್ಟಿ ಸೀಲ್‌ಡೌನ್ ಮಾಡಿದರು. ಮಗು ಹುಟ್ಟಿದ ಮೇಲೆ ಲೀಲಕ್ಕನಿಗೂ ಜ್ವರ ಬಂತು, ಪರೀಕ್ಷೆಯಲ್ಲಿ ಪಾಸಿಟಿವ್. ಹೀಗಾಗಿ ಪ್ರತಿಮಾ ಗಂಡುಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ನೇರ ಮಟ್ಟುವಿಗೇ ಬಂದಳು.

ಅತ್ತೆ ಸುಮತಿಯಕ್ಕ ಒಳ್ಳೆಯ ಹೆಂಗಸು. ನಮ್ಮ ಕಡೆ ಅತ್ತೆಯನ್ನು ಮಾಮಿ ಎನ್ನುತ್ತೇವೆ. ಕುಚ್ಚಲಕ್ಕಿ ಅನ್ನ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಹೊತ್ತುಹೊತ್ತಿಗೆ ಎಲ್ಲ ಮಾಡಿ ಸೊಸೆಯ ಕೋಣೆಯ ಬಾಗಿಲಿಗೆ ತಂದಿಡುತ್ತಿದ್ದರು. ಬಾಣಂತಿಗೆ ಬದನೆ ನಂಜು ಎಂದು, ಅಂಗಳದ ತುಂಬ ಗುಳ್ಳ ಇದ್ದರೂ ಆ ಮನೆಯ ಅಡುಗೆಯಲ್ಲಿ ಒಂದನ್ನೂ ಹಾಕಲಿಲ್ಲ. ಒಂದು ದಿನ ಫೋನಿನಲ್ಲಿ ಸೊಸೆಯನ್ನು ಹೊಗಳುತ್ತ ಅವರು ಹೇಳಿದರು: "ನೀವು ಹೇಳಿದ ಹಾಗೆಯೇ ಮಾಡ್ತಾಳೆ ಸಿಸ್ಟರ್. ಹಾಲು ಕೊಡುವಾಗ ಎರಡೆರಡು ಮಾಸ್ಕ್ ಹಾಕ್ತಾಳೆ, ಮುಖ ಗೋಡೆಯ ಕಡೆ ತಿರುಗಿಸಿ ಕೂತ್ಕೊಳ್ತಾಳೆ. ಹಾಲು ಕುಡಿದದ್ದೇ ಮಗುವನ್ನು ಹೊರಗೆ ಕೊಟ್ಟು ಬಾಗಿಲು ಹಾಕ್ತಾಳೆ."

ನಾನು ಹಾಗೆ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಆ ಹುಡುಗಿಗೆ ಜ್ವರ ಇರಲಿಲ್ಲ, ಸೋಂಕು ಇರಲಿಲ್ಲ. ಆದೇಶ ಗೀದೇಶ ನೋಡುತ್ತ ಕೂರಲಿಲ್ಲ, ಚುಚ್ಚುಮದ್ದಿನ ನೆಪ ಹೇಳಿ, ಮುಖಕ್ಕೆ ಶೀಲ್ಡ್ ಕಟ್ಟಿಕೊಂಡು ಮಟ್ಟುವಿಗೆ ಹೋದೆ. ಹಿತ್ತಿಲಿನಿಂದಲೇ ಹೋದೆ. ಒಲೆ ತಣ್ಣಗಿತ್ತು, ಹಂಡೆ ಬೋರಲು ಬಿದ್ದಿತ್ತು. ಬಾಣಂತಿ ಇರುವ ಮನೆಯ ಬಚ್ಚಲು ಹಾಗಿರುವುದನ್ನು ನೋಡಿ ನನಗೆ ಕಸಿವಿಸಿಯಾಯಿತು.

ಪ್ರತಿಮಾ ಕೋಣೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಸಾಬೂನಿನಿಂದ ತೊಳೆದು ತೊಳೆದು ಎರಡೂ ಕೈಯ ಚರ್ಮ ಸುಲಿದಿತ್ತು. ಬಾಗಿಲು ಹಾಕಿ, ದೂರ ಬಿಟ್ಟು ನೆಲದ ಮೇಲೆ ಕುಳಿತೆ. ತುಳುವಿನಲ್ಲಿ, "ದಾದ ಆಂಡ್ ಮಗಾ?" ಎಂದೆ. ಏನಾಯ್ತು ಮಗಳೇ ಎಂದು.

ಅವಳು ಸುಲಿದ ಕೈಗಳನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಆಮೇಲೆ ಅವಳು ತುಳುವಿನಲ್ಲೇ ಹೇಳಿದಳು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. "ನನ್ನಲ್ಲಿ ಎಂತದೋ ಉಂಟು ಸಿಸ್ಟರ್. ಟೆಸ್ಟಿನಲ್ಲಿ ಬರಲಿಲ್ಲ ಅಷ್ಟೆ. ಮಾಮಿಗೆ ಅದು ಗೊತ್ತಾಗಿದೆ. ಬಂದ ದಿನದಿಂದ ಅವರು ನನ್ನನ್ನು ಮುಟ್ಟಲಿಲ್ಲ. ಎಣ್ಣೆ ಹಾಕಲಿಲ್ಲ, ನೀರು ಹೊಯ್ಯಲಿಲ್ಲ. ನಾನೇ ಗೀಸರ್ ಹಾಕಿ ಮಿಂದು ಬರುವುದು. ಮುಟ್ಟಿದರೆ ಆಗದವಳು ನಾನು. ಮತ್ತೆ ಮಗುವನ್ನು ಹೇಗೆ ಎತ್ತಿಕೊಳ್ಳುವುದು?"

"ನಿದ್ದೆ ಬರ್ತದಾ?"

"ಮಗು ಮಲಗಿದರೂ ಬರುವುದಿಲ್ಲ."

ತರಬೇತಿಯ ಆ ನೇರ ಪ್ರಶ್ನೆಯನ್ನು ಕೇಳಿದೆ. ಅವಳು ತಲೆ ಎತ್ತಲಿಲ್ಲ. "ಬಾವಿಕಟ್ಟೆಯ ಹತ್ತಿರ ಹೋಗ್ಲಿಕ್ಕೆ ನನಗೆ ನನ್ನದೇ ಹೆದರಿಕೆ ಆಗ್ತದೆ" ಎಂದಳು. "ನಾನಿಲ್ಲದಿದ್ದರೆ ಮಗು ಚೆನ್ನಾಗಿರ್ತದೆ."

ಅಲ್ಲೇ ಕುಳಿತು ಮಣಿಪಾಲದ ಆ ಡಾಕ್ಟರಿಗೆ ಫೋನು ಮಾಡಿದೆ. ಪುಣ್ಯಕ್ಕೆ ಎತ್ತಿದರು. ನನ್ನನ್ನು ಹೊರಗೆ ಕಳಿಸಿ ಪ್ರತಿಮಾಳ ಜೊತೆ ತುಂಬ ಹೊತ್ತು ಮಾತಾಡಿದರು. ಮರುದಿನ ಆಂಬುಲೆನ್ಸಿನಲ್ಲಿ ಕರೆಸಿಕೊಂಡು ನೋಡಿ, ಹಾಲೂಡಿಸುವವರಿಗೆ ಆಗುವ ಮಾತ್ರೆ ಬರೆದುಕೊಟ್ಟರು. "ಮಾತ್ರೆ ಹಿಡಿಯಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಒಂದು ಗಳಿಗೆಯೂ ಒಬ್ಬಳೇ ಇರಬಾರದು. ರಾತ್ರಿ ಹಗಲು ಯಾರಾದರೂ ಹತ್ತಿರ ಬೇಕು. ಇಲ್ಲವಾದರೆ ಇಲ್ಲಿ ದಾಖಲು ಮಾಡ್ತೇನೆ, ಆದರೆ ಈಗ ವಾರ್ಡಿನ ಪರಿಸ್ಥಿತಿ ನಿಮಗೇ ಗೊತ್ತಲ್ಲ ಸಿಸ್ಟರ್" ಎಂದರು. ಸುಮತಿಯಕ್ಕ ಬಾವಿಗೆ ಕಬ್ಬಿಣದ ಬಲೆ ಹಾಕಿಸಿ ಬೀಗ ಜಡಿದರು, ಸೊಸೆಯ ಕೋಣೆಯಲ್ಲೇ ಚಾಪೆ ಹಾಕಿದರು. ಹಾಗಿದ್ದರೂ ಸೊಸೆಯ ಮೈಗೆ ಕೈ ತಾಗಿಸಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಹಿತ್ತಿಲಿಗೆ ಕರೆದು, "ಎಂತ ಸುಮತಿಯಕ್ಕ, ಅವಳಿಗೆ ಕೊರೋನಾ ಇಲ್ಲ ಅಂತ ಎಷ್ಟು ಸಲ ಹೇಳುವುದು? ಮುಟ್ಟಿದರೆ ಸಾಯ್ತೀರಾ?" ಎಂದೆ.

ಅವರು ಕಣ್ಣೊರೆಸಿಕೊಂಡರು. "ನನಗೆ ಹೆದರಿಕೆ ಕೊರೋನಾದ್ದಲ್ಲ ಸಿಸ್ಟರ್. ನಮ್ಮ ಮನೆಯಲ್ಲಿ ಒಂದು ಕ್ರಮ ಉಂಟು. ಚೊಚ್ಚಲ ಬಾಣಂತಿಗೆ ಎಣ್ಣೆ, ನೀರು ತಾಯಿಯದ್ದು, ಇಲ್ಲದಿದ್ದರೆ ತಾಯಿ ಕಳಿಸಿದ ಹೆಂಗಸಿನದ್ದು. ಅತ್ತೆ ನೀರು ಹೊಯ್ಯುವುದು ತಾಯಿ ಸತ್ತವಳಿಗೆ ಮಾತ್ರ. ನನಗೆ ನನ್ನ ಅತ್ತೆಯೇ ಹೊಯ್ದದ್ದು. ಈಗ ಲೀಲಕ್ಕ ಅಲ್ಲಿ ಉಸಿರು ಕಟ್ಟಿ ಮಲಗಿದ್ದಾರೆ. ಇಲ್ಲಿ ನಾನು ಚೆಂಬು ಹಿಡಿದರೆ..."

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು. ಅತ್ತೆ ಹೆದರಿದ್ದು ಸೊಸೆಯ ತಾಯಿಯ ಜೀವಕ್ಕೆ, ಸೊಸೆ ತಿಳಿದುಕೊಂಡದ್ದು ತಾನು ಮುಟ್ಟಬಾರದವಳು ಎಂದು. ಒಂದೇ ಮಾಡಿನ ಕೆಳಗೆ ಇಬ್ಬರು ಹೆಂಗಸರು ಬಾಯಿ ಬಿಡದೆ ಬೆಂದುಹೋಗುತ್ತಿದ್ದರು. ಅವಳಿಗೆ ಇದನ್ನು ಹೇಳಿ ಎಂದರೆ, ತಾಯಿಯ ಸಾವಿನ ಮಾತನ್ನು ಬಾಣಂತಿಯ ಎದುರು ಹೇಗೆ ಎತ್ತುವುದು ಎಂದು ಸುಮತಿಯಕ್ಕ.

ಆಗ ನಾನೇ ನಿಟ್ಟೆಗೆ ಫೋನು ಮಾಡಿದೆ. ಲೀಲಕ್ಕನಿಗೆ ಮಾತಿಗೊಮ್ಮೆ ಕೆಮ್ಮು. ಮಗಳ ಸ್ಥಿತಿಯನ್ನೂ, ಸುಮತಿಯಕ್ಕನ ಹೆದರಿಕೆಯನ್ನೂ ಮುಚ್ಚಿಡದೆ ಹೇಳಿದೆ. ಅವರು ಕೆಮ್ಮು ತಡೆದುಕೊಂಡು ಪೂರ್ತಿ ಕೇಳಿದರು. ಅತ್ತರೋ ಏನೋ. ಆಮೇಲೆ, "ಫೋನು ಸುಮತಿಯಕ್ಕನಿಗೆ ಕೊಡಿ" ಎಂದರು. ಸ್ಪೀಕರಿನಲ್ಲಿ ಅವರ ಮಾತು ನನಗೂ ಕೇಳಿಸಿತು.

"ಸುಮತಿಯಕ್ಕ, ನಾನು ಸಾಯಲಿಲ್ಲ. ಕ್ರಮ ಮುರಿಯುವುದೂ ಬೇಡ. ಫೋನನ್ನು ಬಚ್ಚಲಿಗೆ ತೆಕ್ಕೊಂಡು ಹೋಗಿ. ನನ್ನ ಮಗಳನ್ನು ಮೀಯಿಸುವುದು ನಾನು. ಕೈ ಮಾತ್ರ ನಿಮ್ಮದು."

ಮರುದಿನ ಬೆಳಿಗ್ಗೆ ಹಂಡೆ ಒಲೆಯ ಮೇಲೆ ಕುಳಿತಿತು. ನೆಕ್ಕಿ ಸೊಪ್ಪನ್ನು ನಾನೇ ದಾರಿಯಿಂದ ಕಿತ್ತು ತಂದೆ. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಬಚ್ಚಲಿನ ಹೊರಗೆ ಕಲ್ಲಿನ ಮೇಲೆ ಕುಳಿತೆ. ಬಾಗಿಲಿನ ಮೇಲಿನ ಗೂಡಿನಲ್ಲಿ ಮೊಬೈಲು. ಒಳಗಿನಿಂದ ಲೀಲಕ್ಕನ ಮಾತು, ಕೆಮ್ಮು, ಮತ್ತೆ ಮಾತು.

"ನೆತ್ತಿಗೆ ಮೊದಲು. ಇನ್ನೂ ಹಾಕಿ, ಎಣ್ಣೆಗೆ ಪಿಟ್ಟಾಸು ಮಾಡಬೇಡಿ. ಅವಳಿಗೆ ಕುತ್ತಿಗೆಯ ಹಿಂದೆ ಕಚಗುಳಿ ಆಗ್ತದೆ, ಅಲ್ಲಿ ಒತ್ತಿ ತಿಕ್ಕಿ. ಸುಮತಿಯಕ್ಕ, ಸೊಂಟಕ್ಕೆ ಬೀಸಿ ಹೊಯ್ಯಿ, ಗಿಡಕ್ಕೆ ನೀರು ಬಿಟ್ಟ ಹಾಗೆ ಅಲ್ಲ."

"ಗುಳ್ಳದ ಗಿಡಕ್ಕೆ ಹೊಯ್ದು ಅಭ್ಯಾಸ ಅಲ್ವಾ ಲೀಲಕ್ಕ, ನಾನೆಂತ ಮಾಡ್ಲಿ" ಎಂದರು ಸುಮತಿಯಕ್ಕ.

ನೀರಿನ ಸದ್ದಿನ ನಡುವೆ ಪ್ರತಿಮಾ ಅಳುವುದು ಕೇಳಿಸಿತು. ಸಣ್ಣಗೆ ಶುರುವಾಗಿ ದೊಡ್ಡದಾಯಿತು. ಮೂವರು ಹೆಂಗಸರೂ ಅತ್ತರು, ಒಬ್ಬರು ನಿಟ್ಟೆಯಲ್ಲಿ. "ಮಾಮಿ, ನಿಮಗೆ ನನ್ನನ್ನು ಮುಟ್ಟಲು ಅಸಹ್ಯ ಆಗ್ತದೆ ಅಂತ ಗ್ರಹಿಸಿದ್ದೆ" ಎಂದು ಅವಳು ಹೇಳಿದ್ದು ಕೇಳಿಸಿತು. ಸುಮತಿಯಕ್ಕ ಏನು ಹೇಳಿದರೋ ನೀರಿನಲ್ಲಿ ಮುಳುಗಿಹೋಯಿತು. ನನ್ನ ಕಣ್ಣಿನ ನೀರು ಶೀಲ್ಡಿನ ಒಳಗೆ ಸಿಕ್ಕಿಬಿದ್ದು ಎದುರಿನದ್ದು ಏನೂ ಕಾಣಲಿಲ್ಲ.

ಹುಡುಗಿಯರೇ, ಸ್ನಾನದಿಂದ ಕಾಯಿಲೆ ಗುಣವಾಯಿತು ಎಂದು ನಾನು ಬರೆದೆನೆಂದು ಯಾರ ಹತ್ತಿರವೂ ಹೇಳಬೇಡಿ. ಗುಣ ಮಾಡಿದ್ದು ಮಾತ್ರೆ, ವಾರವಾರ ಡಾಕ್ಟರು ಫೋನಿನಲ್ಲಿ ಆಡಿದ ಮಾತು. ಆದರೆ ಮಾತ್ರೆ ಹಿಡಿಯುವವರೆಗೆ ಅವಳು ಬದುಕಿರಬೇಕಿತ್ತು. ನಡುವೆ ಕೆಟ್ಟ ದಿನಗಳೂ ಬಂದವು. ಒಂದು ವಾರ ಪುನಃ ಮಾಸ್ಕ್ ಹಾಕಿ ಗೋಡೆಗೆ ಮುಖ ಮಾಡಿದಳು, ಡಾಕ್ಟರು ಮಾತ್ರೆಯ ಪ್ರಮಾಣ ಬದಲಾಯಿಸಿದರು. ಬೆಳಗಿನ ಫೋನು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಲೀಲಕ್ಕನ ಕೆಮ್ಮು ದಿನದಿಂದ ದಿನಕ್ಕೆ ಕಡಿಮೆಯಾಗುವುದನ್ನು ಪ್ರತಿಮಾ ಬಚ್ಚಲಿನಲ್ಲಿ ಕುಳಿತು ಕಿವಿಯಾರೆ ಕೇಳಿದಳು. ಅದೂ ಒಂದು ಮದ್ದಾಯಿತು ಎಂದು ಡಾಕ್ಟರೇ ನನಗೆ ಹೇಳಿದರು.

ಸೀಲ್‌ಡೌನ್ ತೆಗೆದು, ಲೀಲಕ್ಕನ ಪರೀಕ್ಷೆಯೂ ಸರಿ ಬಂದ ಮೇಲೆ ಅವರು ಬಾಡಿಗೆ ಕಾರಿನಲ್ಲಿ ಮಟ್ಟುವಿಗೆ ಬಂದರು. ತೂಕ ಇಳಿದು ಸೀರೆ ಮೈಮೇಲೆ ಜೋಲುತ್ತಿತ್ತು. ಇನ್ನು ಮೀಯಿಸುವುದು ಯಾರು ಎಂದು ಇಬ್ಬರಲ್ಲಿ ಸಣ್ಣ ಚರ್ಚೆಯಾಯಿತು. "ನನ್ನ ಕೈ ಈಗಷ್ಟೇ ಪಳಗಿದೆ" ಎಂದು ಸುಮತಿಯಕ್ಕ ಚೆಂಬು ಬಿಡಲಿಲ್ಲ. ಕೊನೆಗೆ ಒಬ್ಬರು ಎಣ್ಣೆಗೆ, ಒಬ್ಬರು ನೀರಿಗೆ.

ಆ ವಾರ ನಾನು ಮಗುವಿನ ತೂಕ ನೋಡಲು ಹೋಗಿದ್ದೆ. ಸ್ನಾನ ಮುಗಿದು ಅಜ್ಜಿಯರಿಬ್ಬರೂ ಹೊರಗೆ ಬಂದಿದ್ದರು, ಪ್ರತಿಮಾ ಒಳಗೆ ಸೀರೆ ಉಡುತ್ತಿದ್ದಳು. ತೂಕದ ಚೀಲದಿಂದ ತೆಗೆದು ಚಾಪೆಯ ಮೇಲೆ ಮಲಗಿಸಿದ್ದೇ ತಡ, ಮಗು ಊರಿಗೆಲ್ಲ ಕೇಳುವ ಹಾಗೆ ಕೂಗಿತು. ಲೀಲಕ್ಕ ಬಗ್ಗಿದರು, ಸುಮತಿಯಕ್ಕ ಬಗ್ಗಿದರು, ಅಭ್ಯಾಸಬಲದಿಂದ ನಾನೂ ಕೈ ಚಾಚಿದೆ.

"ಯಾರೂ ಎತ್ತಬೇಡಿ" ಎಂದು ಬಚ್ಚಲಿನಿಂದ ಪ್ರತಿಮಾಳ ಸ್ವರ ಕೇಳಿಸಿತು. "ಅವನಿಗೆ ನಾನು ಬೇಕು. ಬಂದೆ."

ನಾವು ಮೂವರೂ ಕೈ ಹಿಂದಕ್ಕೆ ತೆಗೆದುಕೊಂಡು, ಅಳುವ ಮಗುವಿನ ಸುತ್ತ ಸುಮ್ಮನೆ ನಿಂತೆವು.